ಎಂಟು ಇಲಿಗಳ ಕಾಯಿಲೆ

ಆ ಔಷಧ ಕಂಪನಿಯ ಸಂಶೋಧನಾ ಕಟ್ಟಡಕ್ಕೆ ಎರಡು ಬಾಗಿಲು. ಮುಂದಿನದು ಗಾಜಿನದು. ಮನುಕುಲವನ್ನು ಉದ್ಧಾರ ಮಾಡುವ ಗುತ್ತಿಗೆ ಹಿಡಿದವರು ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಅದರೊಳಗೆ ಹೋಗುತ್ತಾರೆ. ಹಿಂದಿನದು ತಗಡಿನದು. ಇಲಿಗಳ ಮೇವು, ಮರದ ಹೊಟ್ಟಿನ ಮೂಟೆ, ಫಿನಾಯಿಲ್ ಡಬ್ಬ ಮತ್ತು ಇಲಿಯಮ್ಮ ಆ ಬಾಗಿಲಿನಿಂದ ಹೋಗಬೇಕು. ಇಲಿಯಮ್ಮ ಅಂದರೆ ಆ ಕಟ್ಟಡದ ಇಲಿಮನೆಯ ಮುಖ್ಯಸ್ಥೆ. ಅಡ್ಡಹೆಸರು ಇಟ್ಟವರು ಮುಂಬಾಗಿಲಿನ ಜನ. ಪ್ರೀತಿಯಿಂದ ಇಟ್ಟದ್ದು ಎಂದು ಅವರೇ ಹೇಳಿಕೊಂಡು ತಿರುಗುತ್ತಾರೆ. ಅವರ ಪ್ರೀತಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಕೆ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಇಡೀ ತರಗತಿಗೆ ಮೊದಲನೆಯವಳು. ಅದನ್ನು ಮುಚ್ಚಿಟ್ಟುಕೊಳ್ಳುವ ಸ್ವಭಾವವೂ ಆಕೆಯದಲ್ಲ. ಕೇಳಿದವರಿಗೆ ಒಂದು ಸಲ, ಕೇಳದವರಿಗೆ ಎರಡು ಸಲ ಹೇಳುತ್ತಿದ್ದಳು. ಅದೇ ತರಗತಿಯಲ್ಲಿ, ಈಕೆಯ ಪ್ರಾಕ್ಟಿಕಲ್ ಪುಸ್ತಕದಿಂದ ಚಿತ್ರ ನಕಲು ಮಾಡಿ, ಕಪ್ಪೆಯ ಹೊಟ್ಟೆಯಲ್ಲಿ ಯಾವುದು ಎಲ್ಲಿದೆ ಎಂದು ತಿಳಿದುಕೊಂಡ ಒಬ್ಬ ಮಹಾಶಯರಿದ್ದರು. ಇಬ್ಬರೂ ಒಂದೇ ದಿನ ಇದೇ ಕಂಪನಿಯ ಸಂದರ್ಶನಕ್ಕೆ ಹೋದರು. ಮಹಾಶಯರಿಗೆ ಮೇಲಿನ ಮಹಡಿಯ ಪ್ರಯೋಗಾಲಯ ಸಿಕ್ಕಿತು, ಈಕೆಗೆ ಕೆಳಗಿನ ಇಲಿಮನೆ.

"ಮರಿ ಸಾಕೋ ಕೆಲಸ ನೋಡಿ. ಹೆಂಗಸರ ಕೈಗೆ ಚೆನ್ನಾಗಿ ಒಗ್ಗುತ್ತೆ" ಎಂದರಂತೆ ನಿರ್ದೇಶಕರು.

ಇಲಿಗೂ ಹೆಂಗಸಿಗೂ ಇರುವ ಈ ಜನ್ಮಾಂತರದ ನಂಟನ್ನು ಅವರು ಯಾವ ಪ್ರಯೋಗ ಮಾಡಿ ಕಂಡುಕೊಂಡರೋ, ಯಾವ ಪತ್ರಿಕೆಯಲ್ಲಿ ಪ್ರಕಟಿಸಿದರೋ ಗೊತ್ತಿಲ್ಲ. ಮೇಲಿನ ಮಹಡಿ ಹತ್ತಿದ ಮಹಾಶಯರು ತಮ್ಮ ಮನೆಯ ಕರೆಂಟು ಬಿಲ್ಲಿಗೂ ಗ್ರಾಫ್ ಎಳೆದು ಗೋಡೆಗೆ ಅಂಟಿಸುತ್ತಿದ್ದುದರಿಂದ ಇಲಿಯಮ್ಮ ಅವರಿಗೆ ಗ್ರಾಫ್ ಸಾಹೇಬ ಎಂದು ಹೆಸರಿಟ್ಟಳು. ಅದು ಪ್ರೀತಿಯಿಂದ ಇಟ್ಟದ್ದಲ್ಲ.

ಇಲಿಮನೆ ಕಿಟಕಿಯಿಲ್ಲದ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕಬ್ಬಿಣದ ಅಟ್ಟಣಿಗೆ, ಅದರ ತುಂಬ ಪ್ಲಾಸ್ಟಿಕ್ ಪಂಜರ, ಪ್ರತಿ ಪಂಜರದ ಮೇಲೂ ತಲೆಕೆಳಗಾಗಿ ನೇತಾಡುವ ನೀರಿನ ಸೀಸೆ. ಒಳಗೆ ಕೆಂಪು ಕಣ್ಣಿನ ಬಿಳಿ ಇಲಿಗಳು. ಉಚ್ಚೆಯ ಘಾಟು ಮೊದಲು ಮೂಗಿಗೆ ಹೊಡೆಯುತ್ತದೆ, ಆಮೇಲೆ ಬಟ್ಟೆಗೆ, ಕೂದಲಿಗೆ, ಊಟದ ಡಬ್ಬಿಗೆ ಹತ್ತುತ್ತದೆ. ಸಂಜೆ ಮನೆಯ ಮೆಟ್ಟಿಲು ಹತ್ತುವಾಗಲೇ ಅತ್ತೆ ಒಳಗಿನಿಂದ ಕೂಗುತ್ತಿದ್ದರು: "ಬಂದ್ಯಾ? ನೀನು ಬಸ್ಸಿಳಿದಾಗಲೇ ಗೊತ್ತಾಯ್ತು ಬಿಡು. ಮೊದಲು ಬಚ್ಚಲಿಗೆ ನಡಿ."

ಮರಿಗಳು ಹಾಲು ಬಿಡುವ ಹೊತ್ತಿಗೆ ಗಂಡು ಹೆಣ್ಣು ಬೇರೆ ಮಾಡುವುದು ಇಲಿಯಮ್ಮನ ಮುಖ್ಯ ಕೆಲಸ. ಬಾಲ ಎತ್ತಿ ನೋಡಬೇಕು. ಉಚ್ಚೆಯ ದ್ವಾರಕ್ಕೂ ಗುದಕ್ಕೂ ನಡುವೆ ಜಾಗ ಹೆಚ್ಚಿದ್ದರೆ ಗಂಡು, ಕಡಿಮೆಯಿದ್ದರೆ ಹೆಣ್ಣು. ಅಷ್ಟೇ ವಿದ್ಯೆ. ಗಂಡು ಮರಿಗಳು ಬೆಳೆದ ಮೇಲೆ ತಳ್ಳುಗಾಡಿ ಏರಿ ಮೇಲಿನ ಮಹಡಿಗೆ ಹೋಗುತ್ತವೆ, ಅವುಗಳ ಮೇಲೆ ಹೊಸ ಔಷಧದ ಪರೀಕ್ಷೆ ನಡೆಯುತ್ತದೆ. ಹೆಣ್ಣು ಮರಿಗಳಲ್ಲಿ, ಮುಂದೆ ಮರಿ ಹಾಕಿಸಲು ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕಿದ್ದೆಲ್ಲ ಮೂಲೆಯಲ್ಲಿರುವ ಗ್ಯಾಸ್ ಪೆಟ್ಟಿಗೆಗೆ. ಮುಚ್ಚಳ ಹಾಕು, ಕೊಳಾಯಿ ತಿರುಗಿಸು, ಕಸದ ಚೀಲಕ್ಕೆ ಸುರಿ.

ಯಾಕೆ ಹಾಗೆ? ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಮ್ಮೆ ಹಾರ್ಮೋನು ಏರಿಳಿಯುತ್ತದಂತೆ, ಅದರಿಂದ ಫಲಿತಾಂಶ ಕೆಡುತ್ತದಂತೆ. ಗಂಡಿಲಿಗಳು ಒಂದೇ ಪಂಜರದಲ್ಲಿ ಕಚ್ಚಾಡಿಕೊಂಡು, ಗೆದ್ದವನ ರಕ್ತದಲ್ಲಿ ಹಾರ್ಮೋನು ಏರಿ, ಸೋತವನದ್ದು ಇಳಿದು ಮೂಲೆ ಹಿಡಿಯುವುದನ್ನು ಇಲಿಯಮ್ಮ ದಿನಾ ನೋಡುತ್ತಿದ್ದಳು. ಆ ಏರಿಳಿತದಿಂದ ಯಾವ ಫಲಿತಾಂಶವೂ ಕೆಡುತ್ತಿರಲಿಲ್ಲ. ಗಂಡಿನ ಏರಿಳಿತಕ್ಕೆ ಪ್ರಕೃತಿ ಎಂದು ಹೆಸರು, ಹೆಣ್ಣಿನದಕ್ಕೆ ರಗಳೆ. ಇಷ್ಟೆಲ್ಲ ಆಗಿ, ಕೊನೆಗೆ ದಪ್ಪ ರಟ್ಟಿನ ವರದಿಯಲ್ಲಿ ಅವರು ಬರೆಯುವುದು "ಇಲಿಗಳ ಮೇಲೆ ಪರೀಕ್ಷಿಸಲಾಗಿದೆ" ಎಂದು. ಗಂಡಿಲಿಗಳ ಮೇಲೆ ಎಂದು ಬರೆಯುವಷ್ಟು ಶಾಯಿ ಆ ಕಂಪನಿಯಲ್ಲಿ ಇರಲಿಲ್ಲ.

ಇಲಿಯಮ್ಮನನ್ನು ದೇವತೆ ಮಾಡುವ ಉದ್ದೇಶ ನನಗಿಲ್ಲ. ವರ್ಷಗಟ್ಟಲೆ ಆಕೆಯೇ ಆ ಪೆಟ್ಟಿಗೆಯ ಕೊಳಾಯಿ ತಿರುಗಿಸಿದವಳು. ತಿರುಗಿಸಿ, ಕೈ ತೊಳೆದು, ಊಟಕ್ಕೆ ಕೂತವಳು. ಪಂಜರ ತೊಳೆಯುವ ಆಳಿನ ಮೇಲೆ ಕೂಗಾಡುತ್ತಿದ್ದಳು, ಮೇವಿನ ಗುತ್ತಿಗೆದಾರನನ್ನು ಅಳಿಸಿದ್ದಳು. ನಯವಾಗಿ ಮಾತಾಡುವುದು ಆಕೆಗೆ ಯಾವತ್ತೂ ಬರಲಿಲ್ಲ. ಆದರೆ ಆಕೆಯ ಮುಂದೆ ಒಂದು ವಸ್ತುವನ್ನಿಟ್ಟು ಅದು ಇಲ್ಲ ಎಂದು ಹೇಳಿದರೆ ತಡೆದುಕೊಳ್ಳುತ್ತಿರಲಿಲ್ಲ. ಆಕೆಗಿದ್ದ ಚಟ ಅದೊಂದೇ. ಅದೇ ಆಕೆಗೆ ಮುಳುವಾಯಿತು.

ಮೇಲಿನ ಮಹಡಿಯಲ್ಲಿ ಆಗ ಹೊಸ ನಿದ್ದೆಮಾತ್ರೆಯೊಂದು ತಯಾರಾಗುತ್ತಿತ್ತು. ನಿದ್ದೆ ಬಾರದವರಿಗೆ ವರದಾನ, ಬೆಳಗ್ಗೆ ಎದ್ದರೆ ಮಂಪರೇ ಇರುವುದಿಲ್ಲ ಎಂದು ಗ್ರಾಫ್ ಸಾಹೇಬರು ಮೊದಲೇ ಸಾರಿಬಿಟ್ಟಿದ್ದರು. ಪರೀಕ್ಷೆಯ ರೀತಿ ಸುಲಭ. ಎಚ್ಚರವಿರುವ ಇಲಿಯನ್ನು ಅಂಗಾತ ಮಲಗಿಸಿದರೆ ತಟ್ಟನೆ ಹೊರಳಿ ನಿಂತುಬಿಡುತ್ತದೆ. ಔಷಧ ಕೊಟ್ಟ ಇಲಿ ಕಾಲು ಮೇಲೆ ಮಾಡಿಕೊಂಡು ಹಾಗೇ ಬಿದ್ದಿರುತ್ತದೆ. ಯಾವಾಗ ತಾನಾಗಿ ಹೊರಳಿ ಏಳುತ್ತದೋ ಅಲ್ಲಿಗೆ ಅದರ ನಿದ್ದೆ ಮುಗಿಯಿತು ಎಂದು ಲೆಕ್ಕ.

ಅದೇ ಸಮಯಕ್ಕೆ ಇಲಿಯಮ್ಮನ ಅತ್ತೆ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡರು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು, ರಜೆ ಸಿಗಲಿಲ್ಲ. ರಜೆ ಸಿಗಬೇಕಾದದ್ದು ಯಾವಾಗಲೂ ಸೊಸೆಗೆ. ಆಕೆ ಆಸ್ಪತ್ರೆಯಲ್ಲಿ ಅತ್ತೆಯ ಪಕ್ಕ ಕೂತಿದ್ದ ಆ ದಿನಗಳಲ್ಲಿ ಪಂಜರ ತೊಳೆಯುವ ಆಳು ತನಗೆ ತೋಚಿದ ಪಂಜರಗಳನ್ನು ತಳ್ಳುಗಾಡಿಗೆ ಹಾಕಿ ಮೇಲೆ ಕಳಿಸಿದ. ಮೇಲೆ ಯಾರೂ ಬಾಲ ಎತ್ತಿ ನೋಡಲಿಲ್ಲ. ಮೇಲಕ್ಕೆ ಬರುವುದೆಲ್ಲ ಗಂಡೇ ಎಂಬುದು ಅಲ್ಲಿ ಹುಟ್ಟಿನಿಂದ ಬಂದ ನಂಬಿಕೆ.

ರಜೆ ಮುಗಿಸಿ ಬಂದ ದಿನವೇ ಇಲಿಯಮ್ಮನಿಗೆ ಮೇಲಿನಿಂದ ಕರೆ ಬಂತು. ಗ್ರಾಫ್ ಸಾಹೇಬರು ನಾಲ್ಕು ಜನ ಸಹಾಯಕರ ನಡುವೆ ನಿಂತು ಕೆಂಡವಾಗಿದ್ದರು.

"ಎಂಥ ಇಲಿ ಕಳಿಸಿದ್ದೀರಿ ಮೇಡಂ? ಸೀಕು ಬಡಿದ ಇಲಿಗಳನ್ನ ಕಳಿಸಿ ನಮ್ಮ ಪ್ರಯೋಗ ಹಾಳು ಮಾಡಿದ್ರಲ್ಲ!"

"ನಾನು ರಜೆಯಲ್ಲಿದ್ದೆ. ಏನಾಯ್ತು?"

"ನೋಡಿ ಇಲ್ಲಿ. ಬೇರೆಯವೆಲ್ಲ ಯಾವಾಗಲೋ ಎದ್ದು ಮೇವು ತಿಂತಿವೆ. ಈ ಎಂಟು ಇನ್ನೂ ಅಂಗಾತ ಬಿದ್ದಿವೆ. ಲಿವರ್ ಕಾಯಿಲೆ ಇರಬೇಕು. ಹಾಗಂತಲೇ ಬರೆದಿಟ್ಟಿದ್ದೀನಿ."

ಇಲಿಯಮ್ಮ ಬಿದ್ದಿದ್ದ ಒಂದು ಇಲಿಯ ಬಾಲ ಎತ್ತಿದಳು. ಇನ್ನೊಂದರದ್ದು ಎತ್ತಿದಳು. ಎಂಟೂ ಮುಗಿಯುವ ಹೊತ್ತಿಗೆ ಆಕೆಯ ಮುಖದಲ್ಲಿ ನಗು.

"ಇವಕ್ಕೆ ಯಾವ ಕಾಯಿಲೆನೂ ಇಲ್ಲ ಕಣಪ್ಪ. ಇವು ಹೆಣ್ಣು."

ಹಿಂದಿನಿಂದ ಒಬ್ಬ ಸಹಾಯಕ, "ಹಾಗಾದ್ರೆ ಕಾಯಿಲೆ ಅಂತ ಬರೆದಿರೋದು ಸರಿಯಾಗೇ ಇದೆ ಸಾರ್" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗ್ರಾಫ್ ಸಾಹೇಬರು ನಕ್ಕದ್ದು ಮಾತ್ರವಲ್ಲ, ಹಣೆಯ ಬೆವರನ್ನೂ ಒರೆಸಿಕೊಂಡರು.

"ಅಬ್ಬ, ಸದ್ಯ! ನಾನು ಔಷಧದಲ್ಲೇ ಏನೋ ತೊಂದರೆ ಅಂದುಕೊಂಡಿದ್ದೆ. ಬರೀ ಹೆಣ್ಣಿಲಿ ತಾನೇ? ತೆಗೆದುಹಾಕಿ."

ಓದುಗರು ಆ ನಿಟ್ಟುಸಿರನ್ನು ಗಮನಿಸಬೇಕು. ಒಂದು ಔಷಧ ಹೆಣ್ಣು ಜೀವವನ್ನು ಎರಡು ಪಟ್ಟು ಹೊತ್ತು ಕೆಡವುತ್ತದೆ ಎಂಬ ಸತ್ಯ ಆ ಮೇಜಿನ ಮೇಲೆ ಕಾಲು ಮೇಲೆ ಮಾಡಿಕೊಂಡು ಬಿದ್ದಿದೆ. ಅದನ್ನು ನೋಡಿ ವಿಜ್ಞಾನಿಗೆ ಕುತೂಹಲ ಹುಟ್ಟಲಿಲ್ಲ, ಸಮಾಧಾನವಾಯಿತು. ಇಂಥವರ ಕೈಗೆ ಸೂಕ್ಷ್ಮದರ್ಶಕ ಕೊಟ್ಟರೂ ಒಂದೇ, ಸೌಟು ಕೊಟ್ಟರೂ ಒಂದೇ.

"ತೆಗೆದುಹಾಕೋದಾ?" ಎಂದಳು ಇಲಿಯಮ್ಮ. "ಅಲ್ಲಪ್ಪ, ಈ ಮಾತ್ರೇನ ಹೆಂಗಸರು ನುಂಗಲ್ವಾ?"

"ನುಂಗ್ತಾರೆ."

"ಅವರು ಹೆಣ್ಣೋ, ಗಂಡೋ?"

"ಮೊದಲು ಸಾಮಾನ್ಯರಿಗೆ ಕೆಲಸ ಮಾಡುತ್ತೆ ಅಂತ ಸಾಬೀತು ಮಾಡೋಣ ಮೇಡಂ. ವಿಶೇಷದವರ ವಿಷಯ ಆಮೇಲೆ."

ಜಗತ್ತಿನ ಅರ್ಧ ಜನ ವಿಶೇಷದವರು! ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಆದರೂ ಅರ್ಧ ಅಂದರೆ ಎಷ್ಟು ಎಂಬುದು ಗೊತ್ತಿದೆ.

ಇಲಿಯಮ್ಮ ಕೆಳಗಿಳಿದು ಬಂದಳು. ಗ್ಯಾಸ್ ಪೆಟ್ಟಿಗೆಗೆ ಹೋಗಬೇಕಿದ್ದ ಹೆಣ್ಣಿಲಿಗಳನ್ನು ಹಾಗೇ ಉಳಿಸಿಕೊಂಡಳು. ಅದೇ ತಾಯಂದಿರ ಗಂಡುಮರಿಗಳನ್ನೂ ಜೊತೆಗಿಟ್ಟಳು. ಹೊಸ ಔಷಧವನ್ನು ಪಡೆದು ಇಲಿಗಳು ಅದನ್ನು ಎಷ್ಟು ತಾಳಿಕೊಳ್ಳುತ್ತವೆ ಎಂದು ನೋಡುವ ಅಧಿಕಾರ ಇಲಿಮನೆಯ ಮುಖ್ಯಸ್ಥೆಗೆ ಇತ್ತು, ಅದುವರೆಗೆ ಆಕೆ ಬಳಸಿರಲಿಲ್ಲ, ಈಗ ಬಳಸಿದಳು. ತೂಕಕ್ಕೆ ತಕ್ಕಷ್ಟೇ ಔಷಧ ಕೊಟ್ಟು ಎಲ್ಲವನ್ನೂ ಸಾಲಾಗಿ ಅಂಗಾತ ಮಲಗಿಸಿ ಸ್ಟೂಲಿನ ಮೇಲೆ ಕೂತಳು. ಗಂಡುಗಳು ಎದ್ದು ಮೀಸೆ ಒರೆಸಿಕೊಂಡು ಮೇವಿಗೆ ನುಗ್ಗಿದರೂ ಅಕ್ಕತಂಗಿಯರು ಮಿಸುಕಲಿಲ್ಲ. ಹಾರ್ಮೋನಿನ ನೆಪ ಹೇಳಬಾರದೆಂದು ಏರಿಳಿತದ ಒಂದೊಂದು ಹಂತದಲ್ಲೂ ಮಾಡಿ ನೋಡಿದಳು. ಯಾವ ಹಂತದಲ್ಲೂ ಫಲಿತಾಂಶ ಬದಲಾಗಲಿಲ್ಲ. ಅರ್ಧ ಔಷಧ ಕೊಟ್ಟಾಗ ಮಾತ್ರ ಹೆಣ್ಣುಗಳೂ ಗಂಡುಗಳ ಜೊತೆಗೇ ಎದ್ದವು. ಪ್ರಶ್ನೆಯೂ ಸಿಕ್ಕಿತು, ಉತ್ತರವೂ ಸಿಕ್ಕಿತು. ಎಲ್ಲವನ್ನೂ ಬರೆದು ನಿರ್ದೇಶಕರಿಗೆ ಕೊಟ್ಟಳು.

ಆಕೆ ಕೇಳಿದ್ದು ಒಂದೇ ಒಂದು ಸಾಲು: ಹೆಣ್ಣು ಪ್ರಾಣಿಗಳಲ್ಲಿ ಈ ಔಷಧದ ನಿದ್ದೆ ಬಹಳ ಹೆಚ್ಚು ಹೊತ್ತು ಇರುತ್ತದೆ, ಪ್ರಮಾಣ ಇಳಿಸಬೇಕು. ಅದು ವರದಿಯಲ್ಲಿ ಬಂದರೆ ಮುಂದೆ ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲೂ ಬರುತ್ತದೆ.

ಸಾಲು ಬರಲಿಲ್ಲ. ಬಂದದ್ದು ಒಂದು ಪ್ರಮಾಣಪತ್ರ. ಪರೀಕ್ಷೆಯ ಕಡತ ಸರಕಾರಕ್ಕೆ ಹೋಗಬೇಕಾದರೆ, ಅದರಲ್ಲಿ ಬಳಸಿದ ಮತ್ತು ಕೈಬಿಟ್ಟ ಇಲಿಗಳ ಆರೋಗ್ಯದ ಬಗ್ಗೆ ಇಲಿಮನೆಯ ಮುಖ್ಯಸ್ಥರ ಸಹಿ ಬೇಕು. "ಎಂಟು ಇಲಿಗಳನ್ನು ಕಾಯಿಲೆಯ ಕಾರಣ ಕೈಬಿಡಲಾಗಿದೆ" ಎಂದು ಅಚ್ಚುಕಟ್ಟಾಗಿ ಟೈಪು ಮಾಡಿತ್ತು. ಕೆಳಗೆ ಆಕೆಯ ಸಹಿಗೆ ಜಾಗ ಬಿಟ್ಟಿತ್ತು.

ಆಕೆ ನೇರ ನಿರ್ದೇಶಕರ ಕೋಣೆಗೆ ಹೋದಳು. ಗ್ರಾಫ್ ಸಾಹೇಬರೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

"ಕಾಯಿಲೆ ಇರಲಿಲ್ಲ ಸಾರ್. ಹೆಣ್ಣಾಗಿದ್ದವು, ಅಷ್ಟೇ."

"ಹೆಣ್ಣು ಅಂತ ಬರೆದರೆ ಅವರು ಪ್ರಶ್ನೆ ಕೇಳ್ತಾರಮ್ಮ. ಕಾಯಿಲೆ ಅಂದರೆ ಕೇಳಲ್ಲ" ಎಂದರು ನಿರ್ದೇಶಕರು, ಮಗುವಿಗೆ ಅಕ್ಷರ ಕಲಿಸುವ ಧ್ವನಿಯಲ್ಲಿ. "ಹೆಣ್ಣಿನ ಮೇಲೂ ಮಾಡಿ ತನ್ನಿ ಅಂದರೆ ಎಲ್ಲ ಮೊದಲಿಂದ. ನಮ್ಮ ಎದುರು ಕಂಪನಿಯವರು ಅಷ್ಟರಲ್ಲಿ ಮಾತ್ರೆ ಮಾರಿ ಮುಗಿಸಿರ್ತಾರೆ."

"ಮನುಷ್ಯರ ಮೇಲಿನ ಪರೀಕ್ಷೆಗಾದ್ರೂ ಹೆಂಗಸರನ್ನ ತಗೋತೀರಾ?"

"ಅಯ್ಯೋ, ಬಸುರಿಯಾಗಿಬಿಟ್ಟರೆ? ಅವರ ಕ್ಷೇಮಕ್ಕೇ ಅಲ್ವಾ ನಾವು ಅವರನ್ನ ದೂರ ಇಡೋದು?"

ಪರೀಕ್ಷೆಯಲ್ಲಿ ನುಂಗಿದರೆ ಅಪಾಯ, ಅಂಗಡಿಯಲ್ಲಿ ಕೊಂಡು ನುಂಗಿದರೆ ಕ್ಷೇಮ. ಈ ಕರುಣೆಗೆ ಏನು ಹೇಳುವುದು!

ಗ್ರಾಫ್ ಸಾಹೇಬರು ಕಪ್ಪು ಕೆಳಗಿಟ್ಟು ಮೆಲ್ಲಗೆ ಹೇಳಿದರು: "ನೋಡಿ, ದೊಡ್ಡ ಪತ್ರಿಕೆಗೆ ಲೇಖನ ಹೋಗ್ತಾ ಇದೆ. ನನ್ನ ಹೆಸರಿನ ಪಕ್ಕ ನಿಮ್ಮ ಹೆಸರೂ ಹಾಕಿಸ್ತೀನಿ. ಈ ಕಟ್ಟಡದಲ್ಲಿ ಇದುವರೆಗೆ ಯಾವ ಹೆಂಗಸಿನ ಹೆಸರೂ ಅಚ್ಚಾಗಿಲ್ಲ. ನೀವೇ ಮೊದಲು. ಇದಕ್ಕೊಂದು ಸಹಿ ಹಾಕಿ ಸಾಕು."

ಮುಂಬಾಗಿಲಿನವರ ಪ್ರೀತಿ ಎಂದೆನಲ್ಲ, ಅದು ಇದು. ತಾನು ಕಂಡದ್ದನ್ನು ತಾನೇ ಕಂಡಿಲ್ಲ ಎಂದು ಬರೆದುಕೊಟ್ಟರೆ ಹೆಣ್ಣಿಗೂ ವಿಜ್ಞಾನಿಯ ಪಟ್ಟ ಸಿಗುತ್ತದೆ.

ಆಕೆಗೆ ಆಸೆಯಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತರಗತಿಗೆ ಮೊದಲು ಬಂದವಳು, ಇಷ್ಟು ವರ್ಷ ಉಚ್ಚೆಯ ಘಾಟಿನಲ್ಲಿ ಕಳೆದವಳು. ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಆ ಸಂಜೆ ದೊಡ್ಡ ಸಭೆಯೇ ನಡೆಯಿತು. ಅತ್ತೆ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅಧ್ಯಕ್ಷತೆ ವಹಿಸಿದ್ದರು. ನಾದಿನಿಯೂ ಇದ್ದಳು. ಅವಳು ಸಿಟಿ ಬಸ್ಸಿನ ಚಾಲಕಿ, ಮದುವೆ ಬೇಡವೆಂದು ಅಣ್ಣನ ಮನೆಯಲ್ಲೇ ಇದ್ದವಳು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಸಂಜೆಯ ಪಾಳಿ, ನಿದ್ದೆಯೆಂಬುದು ಅವಳನ್ನು ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಕಣ್ಣ ಕೆಳಗೆ ಕಪ್ಪು ಬಳಿದ ಹಾಗಿತ್ತು.

"ಒಂದು ಸಹಿ ತಾನೇ, ಹಾಕಿಬಿಡು" ಎಂದ ಗಂಡ. "ಇಲಿಗೆ ಕಾಯಿಲೆ ಇತ್ತು ಅಂದರೆ ಇಲಿ ಬಂದು ಕೇಳುತ್ತಾ?"

"ನಿನಗೂ ಒಂದು ಹೆಸರು ಬರುತ್ತಲ್ಲೇ" ಎಂದರು ಅತ್ತೆ. "ನಾನು ಸಾಯೋದರೊಳಗೆ ಈ ಮನೇಲಿ ಯಾರದ್ದಾದ್ರೂ ಹೆಸರು ಪೇಪರಲ್ಲಿ ನೋಡಬೇಕು. ನನ್ನ ಮಗ ಅಂತೂ ಗಾಜು ಉಜ್ಜಿ ಉಜ್ಜಿ ತಾನೂ ಗಾಜಾಗಿದ್ದಾನೆ, ಯಾರ ಕಣ್ಣಿಗೂ ಬೀಳಲ್ಲ."

"ಅಮ್ಮ!"

"ಹೂಂ ಕಣಪ್ಪ, ಇದ್ದದ್ದು ಹೇಳಿದೆ."

ನಾದಿನಿ ಅತ್ತಿಗೆಯ ಪಕ್ಕಕ್ಕೆ ಸರಿದು ಕೂತಳು. "ಹಾಕಿ ಅತ್ತಿಗೆ. ಬೇಗ ಬರಲಿ ಆ ಮಾತ್ರೆ. ಅಂಗಡಿಗೆ ಬಂದ ದಿನವೇ ಮೊದಲು ತಗೊಳ್ಳೋಳು ನಾನು. ಒಂದು ರಾತ್ರಿ ಕಣ್ಣು ತುಂಬ ನಿದ್ದೆ ಮಾಡಿ ಎಷ್ಟು ಕಾಲ ಆಯ್ತೋ."

ಇಲಿಯಮ್ಮ ಅವಳ ಮುಖವನ್ನೇ ನೋಡಿದಳು. "ಬೆಳಗಿನ ಪಾಳಿಗೆ ಎಷ್ಟು ಹೊತ್ತಿಗೆ ಸ್ಟಿಯರಿಂಗ್ ಹಿಡೀತೀಯೇ ನೀನು?"

"ಇನ್ನೂ ಕತ್ತಲಿರುತ್ತೆ. ಯಾಕೆ?"

"ಬಸ್ಸಲ್ಲಿ ಎಷ್ಟು ಜನ ಇರ್ತಾರೆ?"

"ಕಾಲಿಡಕ್ಕೆ ಜಾಗ ಇರಲ್ಲ. ಯಾಕೆ ಅತ್ತಿಗೆ, ಪೊಲೀಸರ ಥರ ಕೇಳ್ತೀರಿ?"

ಇಲಿಯಮ್ಮ ಎದ್ದುಹೋಗಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡಿಕೊಂಡು ತೊಳೆದಳು. ಮರುದಿನ ನಿರ್ದೇಶಕರ ಮೇಜಿನ ಮೇಲೆ ಆ ಕಾಗದವನ್ನು ಇಟ್ಟಳು. ಸಹಿಯ ಜಾಗ ಖಾಲಿ ಇತ್ತು. "ಕಾಯಿಲೆ" ಎಂಬ ಮಾತಿನ ಮೇಲೆ ಗೆರೆ ಎಳೆದು "ಹೆಣ್ಣು, ಆರೋಗ್ಯವಂತ" ಎಂದು ಬರೆದಿದ್ದಳು.

"ಯೋಚನೆ ಮಾಡಿದ್ರಾ ಮೇಡಂ?" ಎಂದರು ಗ್ರಾಫ್ ಸಾಹೇಬರು.

"ಮಾಡಿದೆ. ನನ್ನ ಹೆಸರನ್ನ ನಿನ್ನ ಹೆಸರಿನ ಪಕ್ಕ ಮಲಗಿಸಬೇಡಪ್ಪ. ಅದು ಮತ್ತೆ ಏಳಲ್ಲ."

ಈ ದೇಶದ ಯಾವುದೇ ಕಚೇರಿಯಲ್ಲಿ ಹೆಂಗಸೊಬ್ಬಳು ಸಹಿ ಹಾಕದಿದ್ದರೆ ಕೆಲಸ ನಿಂತೀತು ಎಂದು ನೀವು ಭಾವಿಸಿದ್ದರೆ ನಿಮ್ಮ ಮುಗ್ಧತೆಗೆ ನನ್ನ ನಮಸ್ಕಾರ. ಅದೇ ವಾರ ಇಲಿಯಮ್ಮನನ್ನು ರಾಸಾಯನಿಕಗಳ ಉಗ್ರಾಣಕ್ಕೆ ವರ್ಗ ಮಾಡಿದರು. ಖಾಲಿಯಾದ ಹುದ್ದೆಗೆ ಪಂಜರ ತೊಳೆಯುವ ಆಳಿಗೆ ಬಡ್ತಿ ಕೊಟ್ಟರು! ಗಂಡಿಲಿ ಯಾವುದು, ಹೆಣ್ಣಿಲಿ ಯಾವುದು ಗೊತ್ತಿಲ್ಲದೆ ಈ ಎಲ್ಲ ರಾದ್ಧಾಂತಕ್ಕೆ ಕಾರಣನಾದವನೇ ಈಗ ಇಲಿಗಳ ಆರೋಗ್ಯಕ್ಕೆ ಪ್ರಮಾಣ ಕೊಡುವ ಅಧಿಕಾರಿ. ಅವನು ಉಗ್ರಾಣದ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ.

"ಅಮ್ಮಾ, ನನ್ನ ಮೇಲೆ ಕೋಪ ಮಾಡ್ಕೋಬೇಡಿ. ಅವರು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ. ನನಗೆ ಓದಕ್ಕೆ ಬರಲ್ಲ, ಸಹಿ ಮಾತ್ರ ಬರುತ್ತೆ."

"ಮೇಲಿನವರಿಗೆ ಓದಕ್ಕೆ ಬರುತ್ತೆ ಕಣೋ" ಎಂದಳು ಇಲಿಯಮ್ಮ. "ಏನು ಪ್ರಯೋಜನ ಆಯ್ತು? ಹೋಗು, ನೀರಿನ ಸೀಸೆ ಒಣಗಿರುತ್ತೆ, ನೋಡು."

ಆಕೆ ರಾಜೀನಾಮೆ ಕೊಟ್ಟು ಹೋಗುತ್ತಾಳೆಂದು ಅವರು ಕಾದರು. ಆಕೆ ಹೋಗಲಿಲ್ಲ. ಉಗ್ರಾಣದಲ್ಲಿ ಕೂತು ಆಸಿಡ್ ಸೀಸೆಗಳಿಗೆ ಚೀಟಿ ಅಂಟಿಸಿದಳು. ತನ್ನ ಪ್ರಯೋಗದ ಪ್ರತಿಯನ್ನು ಆರೋಗ್ಯ ಇಲಾಖೆಗೆ ಕಳಿಸಿದಳು, ಉತ್ತರವಿಲ್ಲ. ಎರಡು ಪತ್ರಿಕೆಗಳಿಗೆ ಕಳಿಸಿದಳು. ಸಂಸ್ಥೆಯ ಅನುಮತಿ ಪತ್ರ ಲಗತ್ತಿಸಿ ಎಂದು ಒಂದು ಬರೆಯಿತು, ಇನ್ನೊಂದು ಅಷ್ಟನ್ನೂ ಬರೆಯಲಿಲ್ಲ. ಗ್ರಾಫ್ ಸಾಹೇಬರ ಲೇಖನ ಮಾತ್ರ ಅಚ್ಚಾಯಿತು. ಅದರ ಕೊನೆಯಲ್ಲಿ ಕಟ್ಟಡದ ವಿದ್ಯುತ್ ವಿಭಾಗಕ್ಕೂ ಕೃತಜ್ಞತೆ ಹೇಳಿದ್ದರು.

ಕೆಲವು ವರ್ಷ ಕಳೆದು ಮಾತ್ರೆ ಅಂಗಡಿಗೆ ಬಂತು. ಡಬ್ಬಿಯ ಮೇಲೆ ನಗುತ್ತ ಮೈಮುರಿಯುವ ಹೆಂಗಸಿನ ಚಿತ್ರ. ಪರೀಕ್ಷೆಯಲ್ಲಿ ಜಾಗವಿಲ್ಲದವಳಿಗೆ ಡಬ್ಬಿಯ ಮೇಲೆ ಧಾರಾಳವಾಗಿ ಜಾಗ ಕೊಟ್ಟಿದ್ದರು. ನಾದಿನಿ ಮೊದಲ ದಿನವೇ ಡಾಕ್ಟರ ಚೀಟಿ ಹಿಡಿದುಕೊಂಡು ಹೋಗಿ ತಂದಳು. ಇಲಿಯಮ್ಮ ಅವಳ ಕೈಯಿಂದ ಮಾತ್ರೆ ಕಿತ್ತುಕೊಂಡು ತರಕಾರಿ ಮಣೆಯ ಮೇಲಿಟ್ಟು ಚಾಕುವಿನಿಂದ ಎರಡು ತುಂಡು ಮಾಡಿದಳು.

"ಅರ್ಧ. ಇದಕ್ಕಿಂತ ಒಂದು ಚೂರು ಹೆಚ್ಚು ನುಂಗಿದರೆ ನಿನ್ನ ಬಸ್ಸಿನ ಕೀಲಿ ನಾನು ಇಟ್ಕೋತೀನಿ."

"ಡಾಕ್ಟರು ಪೂರ್ತಿ ಅಂದಿದ್ದಾರೆ ಅತ್ತಿಗೆ."

"ಡಾಕ್ಟರಿಗೆ ಹೇಳಿದವನು ಗ್ರಾಫ್ ಸಾಹೇಬ. ಗ್ರಾಫ್ ಸಾಹೇಬನಿಗೆ ಹೇಳಿದೋಳು ನಾನು, ಅವನು ಕೇಳಲಿಲ್ಲ. ಕೊಡು ಇಲ್ಲಿ, ಆ ಲೋಟ."

ನಾದಿನಿ ಚೆನ್ನಾಗಿ ನಿದ್ದೆ ಮಾಡಿ ಬೆಳಗ್ಗೆ ಚುರುಕಾಗಿ ಎದ್ದಳು. ಡಿಪೋದ ಹೆಂಗಸರ ಕೋಣೆಯಲ್ಲಿ ಹೇಳಿದಳು. ಅವರು ತಮ್ಮ ಅಕ್ಕತಂಗಿಯರಿಗೆ ಹೇಳಿದರು. ಆ ಬಡಾವಣೆಯ ಹೆಂಗಸರೆಲ್ಲ ಅರ್ಧ ಮಾತ್ರೆ ನುಂಗಲು ಕಲಿತರು. ಇದನ್ನು ಕೇಳಿ ಕೆಲವರು ಕಣ್ಣು ಒದ್ದೆ ಮಾಡಿಕೊಂಡು, ಆಹಾ, ಹೆಣ್ಣುಮಕ್ಕಳ ಬಾಯಿಂದ ಬಾಯಿಗೆ ಹರಿಯುವ ಜ್ಞಾನ ಎಂದು ಹಾಡಿ ಹೊಗಳಬಹುದು. ದಯವಿಟ್ಟು ಬೇಡ. ಚೀಟಿಯಲ್ಲಿ ಅಚ್ಚಾಗಬೇಕಾದ್ದು ತರಕಾರಿ ಮಣೆಯ ಮೇಲೆ ನಿರ್ಧಾರವಾಗುವುದು ನಾಚಿಕೆಗೇಡು. ಅಂಥ ಅತ್ತಿಗೆ ಇಲ್ಲದ ಮನೆಗಳ ಗತಿ ಏನು?

ಗತಿ ಏನೆಂದು ಗೊತ್ತಾಯಿತು. ಊರಿನ ಆ ತುದಿಯ ಡಿಪೋದಲ್ಲಿ ಇನ್ನೊಬ್ಬಳು ಚಾಲಕಿ ಇದ್ದಳು. ಅರ್ಧದ ಸುದ್ದಿ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಡಾಕ್ಟರು ಹೇಳಿದಂತೆ ಪೂರ್ತಿ ನುಂಗಿ ಮಲಗಿದವಳು ಬೆಳಗ್ಗೆ ಸಿಗ್ನಲ್ಲಿನಲ್ಲಿ ಬಸ್ಸು ನಿಲ್ಲಿಸಿದಾಗ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಿದ್ದೆಹೋದಳು. ಬಸ್ಸು ಮೆಲ್ಲಗೆ ಮುಂದೆ ಸರಿದು ರಸ್ತೆ ವಿಭಜಕಕ್ಕೆ ಗುದ್ದಿ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅವಳನ್ನು ಅಮಾನತು ಮಾಡಿದರು, ವಿಚಾರಣೆ ಇಟ್ಟರು. ಹೆಂಗಸರಿಗೆ ಬಸ್ಸು ಕೊಟ್ಟರೆ ಹೀಗೇ ಎಂದು ಊರಿಗೆ ಊರೇ ಮಾತಾಡಿಕೊಂಡಿತು.

ನಾದಿನಿ ಬಂದು ಕರೆದಳು. ಇಲಿಯಮ್ಮ ಉಗ್ರಾಣಕ್ಕೆ ರಜೆ ಹಾಕಿ ಸಾಕ್ಷಿ ಹೇಳಲು ಹೋದಳು.

ವಿಚಾರಣಾಧಿಕಾರಿ ಮರ್ಯಾದಸ್ಥರೇ. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಎಲ್ಲವನ್ನೂ ಕೇಳಿಸಿಕೊಂಡರು.

"ಇದಕ್ಕೆ ದಾಖಲೆ ಇದೆಯಾ ಅಮ್ಮ?"

ಆಕೆ ತನ್ನ ಕಾಗದಗಳನ್ನು ಮುಂದಿಟ್ಟಳು. ಅವರು ತಿರುವಿ ಹಾಕಿದರು. "ಇದು ನಿಮ್ಮ ಕೈಬರಹ. ಮೊಹರು ಎಲ್ಲಿ? ನಾವು ಕಂಪನಿಗೆ ಬರೆದು ಕೇಳಿದ್ದೀವಿ, ಉತ್ತರ ಬಂದಿದೆ. ಆರೋಗ್ಯವಂತ ಇಲಿಗಳಲ್ಲಿ ಯಾವುದರಲ್ಲೂ ಮಂಪರು ಕಂಡಿಲ್ಲ. ಎಂಟು ಇಲಿಗಳಿಗೆ ಮಾತ್ರ ಮೊದಲೇ ಕಾಯಿಲೆ ಇತ್ತು. ಇಲಿಮನೆಯ ಅಧಿಕಾರಿಯ ಸಹಿ ಇದೆ ನೋಡಿ."

"ಆ ಅಧಿಕಾರಿಗೆ ಓದಕ್ಕೆ ಬರಲ್ಲ ಸಾರ್."

"ಆದರೆ ಅಧಿಕಾರಿ ಅವರೇ ತಾನೇ?"

ಇಲಿಯಮ್ಮ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ನನ್ನ ಬಳಿ ಇರುವುದು ಸಿಟ್ಟು. ಬರೆದುಕೊಂಡದ್ದೇ ಜ್ಞಾನ, ಬರೆಯುವ ಲೇಖನಿ ನಮ್ಮ ಕೈಯಲ್ಲಿ ಎಂದು ಕೂತವರು, ಬರೆಯದೆ ಬಿಟ್ಟದ್ದಕ್ಕೆ ದಾಖಲೆ ಎಲ್ಲಿ ಎಂದು ಅದೇ ಬಾಯಲ್ಲಿ ಕೇಳುತ್ತಾರೆ. ನಾಚಿಕೆಯೆಂಬ ಪದಾರ್ಥವನ್ನು ಇವರು ಯಾವ ಪೆಟ್ಟಿಗೆಗೆ ಹಾಕಿ ಯಾವ ಕೊಳಾಯಿ ತಿರುಗಿಸಿದರೋ!

ಮಧ್ಯಾಹ್ನ ವಿಚಾರಣೆ ಮುಗಿಯಿತು. ನಿರ್ಲಕ್ಷ್ಯ ಎಂದು ತೀರ್ಮಾನವಾಯಿತು. ಚಾಲಕಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಖಾಕಿ ಅಂಗಿಯನ್ನು ಅವತ್ತೂ ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದಳು. ಇಲಿಯಮ್ಮ ಪಕ್ಕದಲ್ಲಿ ಕೂತಳು.

"ಅಕ್ಕಾ, ನಿಜ ಹೇಳಿ. ಎಲ್ಲರೂ ಸರಿಯಾಗಿ ಏಳ್ತಾರಂತೆ. ನನಗೇ ಏನೋ ಕಾಯಿಲೆ ಇರಬೇಕು ಅಲ್ವಾ?"

"ಏನೂ ಇಲ್ಲ ಕಣಮ್ಮ. ನೀನು ನೆಟ್ಟಗಿದ್ದೀಯ."

"ಮತ್ತೆ ಅವರು ಹಾಗೆ..."

"ಅವರು ಬಾಲ ಎತ್ತಿ ನೋಡ್ಲಿಲ್ಲ" ಎಂದಳು ಇಲಿಯಮ್ಮ. ಚಾಲಕಿಗೆ ಅರ್ಥವಾಗಲಿಲ್ಲ. ಇಲಿಯಮ್ಮ ಮೊದಲಿನಿಂದ ಎಲ್ಲವನ್ನೂ ಹೇಳತೊಡಗಿದಳು: ಎಂಟು ಇಲಿ, ಅವುಗಳ ಅಕ್ಕತಂಗಿಯರು, ಅರ್ಧ ಔಷಧ. ಹೇಳುತ್ತ ಹೇಳುತ್ತ ಧ್ವನಿ ಏರಿತು. ನಾದಿನಿ ಬಂದು ನಿಂತಳು, ಕಸ ಗುಡಿಸುವವಳು ಪೊರಕೆ ಊರಿಕೊಂಡು ನಿಂತಳು, ಟೈಪಿಸ್ಟು ಹುಡುಗಿ ಊಟದ ಡಬ್ಬಿ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದಳು. ವಿಚಾರಣೆಯ ಗುಮಾಸ್ತ, ಹೇಳಿದ್ದನ್ನೆಲ್ಲ ಬರೆದುಕೊಳ್ಳಬೇಕಾದವನು, ಅವರನ್ನು ದಾಟಿಕೊಂಡು ಹೊರಟಿದ್ದ.

"ಸ್ವಲ್ಪ ದಾರಿ ಬಿಡ್ರಮ್ಮ" ಎಂದ. ದಾರಿ ಬಿಟ್ಟರು. ಅವನು ಊಟಕ್ಕೆ ಹೋದ.